ಪ್ರತಿಕಾಯಗಳ ಅಡ್ಡ ಪ್ರತಿಕ್ರಿಯೆ: ಒಂದೇ ಪ್ರತಿಕಾಯವು ಬೇರೆ ಬೇರೆ ಅಣುಗಳಿಗೆ ಅಂಟಿಕೊಳ್ಳುವ ಬಗೆ

ದೇಹವನ್ನು ಪ್ರವೇಶಿಸಿದ ರೋಗಾಣುಗಳನ್ನು ಗುರುತಿಸಿ ಅವುಗಳಿಗೆ ಅಂಟಿಕೊಳ್ಳುವ ಸಲುವಾಗಿ ಬಿ ಜೀವಕೋಶಗಳು ಉತ್ಪಾದಿಸುವ ಪ್ರೋಟೀನುಗಳನ್ನು ಪ್ರತಿಕಾಯಗಳೆಂದು ಕರೆಯಲಾಗುತ್ತದೆ. ಪ್ರತಿಕಾಯವು ಯಾವ ಅಣುವಿಗೆ ಅಂಟಿಕೊಳ್ಳುತ್ತದೆಯೋ ಆ ಅಣುವಿಗೆ ಪ್ರತಿಜನಕವೆಂದು ಹೆಸರು. ಬೀಗಕ್ಕೆ ಕೀಲಿಕೈ ಹೊಂದುವಂತೆ ಒಂದು ಪ್ರತಿಕಾಯವು ಒಂದೇ ಪ್ರತಿಜನಕಕ್ಕೆ ಹೊಂದುತ್ತದೆ ಎಂದು ಶಾಲಾ ಪಠ್ಯಗಳಲ್ಲಿ ವಿವರಿಸುವುದು ರೂಢಿ. ಈ ವಿವರಣೆ ಬಹುಮಟ್ಟಿಗೆ ಸರಿಯಾದರೂ ಪೂರ್ಣವಲ್ಲ. ಒಂದು ರೋಗಾಣುವಿಗಾಗಿ ತಯಾರಾದ ಪ್ರತಿಕಾಯವು ಅದಕ್ಕೆ ಸಂಬಂಧಿಸಿದ ಮತ್ತೊಂದು ರೋಗಾಣುವಿಗೆ, ಕೆಲವೊಮ್ಮೆ ಯಾವ ಸಂಬಂಧವೂ ಇಲ್ಲದ ಅಣುವಿಗೆ, ಅಪರೂಪವಾಗಿ ರೋಗಿಯ ಸ್ವಂತ ಅಂಗಾಂಶಕ್ಕೂ ಅಂಟಿಕೊಳ್ಳುವುದುಂಟು. ಇದನ್ನು ಅಡ್ಡ ಪ್ರತಿಕ್ರಿಯೆ ಎನ್ನಲಾಗುತ್ತದೆ. ಜ್ವರದ ರಕ್ತಪರೀಕ್ಷೆಯ ವರದಿಯನ್ನು ಓದುವ ಕ್ರಮ, ಎರಡನೆಯ ಬಾರಿ ಬರುವ ಡೆಂಗೀ ಜ್ವರದ ಅಪಾಯ, ಗಂಟಲು ನೋವನ್ನು ಕಡೆಗಣಿಸಿದ ಮಕ್ಕಳಲ್ಲಿ ಹೃದಯದ ಕವಾಟಕ್ಕೆ ಆಗುವ ಹಾನಿ, ಇವೆಲ್ಲವೂ ಈ ಒಂದು ಗುಣಕ್ಕೆ ಸಂಬಂಧಿಸಿದವು.

ಪ್ರತಿಕಾಯದ ರಚನೆ

ಪ್ರತಿಕಾಯವು ಇಂಗ್ಲಿಷಿನ ವೈ ಅಕ್ಷರದ ಆಕಾರದಲ್ಲಿರುತ್ತದೆ. ಎರಡು ಭಾರವಾದ ಹಾಗೂ ಎರಡು ಹಗುರವಾದ ಪ್ರೋಟೀನ್ ಸರಪಣಿಗಳು ಸೇರಿ ಈ ಆಕಾರ ಉಂಟಾಗುತ್ತದೆ. ಈ ರಚನೆಯನ್ನು ಬಿಡಿಸಿ ತೋರಿಸಿದುದಕ್ಕಾಗಿ ಜೆರಾಲ್ಡ್ ಎಡೆಲ್‌ಮನ್ ಮತ್ತು ರಾಡ್ನಿ ಪೋರ್ಟರ್ ಅವರಿಗೆ 1972ರಲ್ಲಿ ನೊಬೆಲ್ ಪ್ರಶಸ್ತಿ ನೀಡಲಾಯಿತು. ವೈ ಆಕಾರದ ಎರಡು ತೋಳುಗಳ ತುದಿಯಲ್ಲಿ ಒಂದೇ ರೀತಿಯ ಎರಡು ಬಂಧನ ಸ್ಥಾನಗಳಿರುತ್ತವೆ. ಪ್ರತಿ ಸ್ಥಾನದಲ್ಲಿಯೂ ಆರು ಕುಣಿಕೆಗಳು ಹೊರಚಾಚಿಕೊಂಡಿದ್ದು, ಇವುಗಳಲ್ಲಿನ ಅಮೈನೋ ಆಮ್ಲಗಳ ಜೋಡಣೆಯು ಪ್ರತಿಕಾಯದಿಂದ ಪ್ರತಿಕಾಯಕ್ಕೆ ಬದಲಾಗುತ್ತದೆ. ಯಾವುದಕ್ಕೆ ಅಂಟಿಕೊಳ್ಳಬೇಕೆಂಬುದನ್ನು ನಿರ್ಧರಿಸುವುದು ಈ ಕುಣಿಕೆಗಳೇ. ರಕ್ತದಲ್ಲಿ ಹೆಚ್ಚಾಗಿರುವ ಐಜಿಜಿ ವರ್ಗದ ಪ್ರತಿಕಾಯಕ್ಕೆ ಎರಡು ಬಂಧನ ಸ್ಥಾನಗಳಿದ್ದರೆ, ಸೋಂಕಿನ ಆರಂಭದಲ್ಲಿ ಕಾಣಿಸಿಕೊಳ್ಳುವ ಐಜಿಎಂ ವರ್ಗದಲ್ಲಿ ಇಂತಹ ಐದು ಘಟಕಗಳು ಕೂಡಿಕೊಂಡು ಹತ್ತು ಸ್ಥಾನಗಳಿರುತ್ತವೆ. ಒಂದೊಂದು ಸ್ಥಾನದ ಹಿಡಿತ ಸಡಿಲವಾಗಿದ್ದರೂ ಹತ್ತೂ ಸೇರಿದಾಗ ಹಿಡಿತ ಬಿಗಿಯಾಗುವುದರಿಂದ, ಅಷ್ಟೇನೂ ಹೊಂದಿಕೆಯಿಲ್ಲದ ಅಣುಗಳಿಗೂ ಐಜಿಎಂ ಅಂಟಿಕೊಳ್ಳಬಲ್ಲದು.

ಮಾನವನ ಜೀವಕೋಶದಲ್ಲಿ ಪ್ರೋಟೀನುಗಳಿಗೆ ಸಂಬಂಧಿಸಿದ ವಂಶವಾಹಿಗಳು ಇರುವುದು ಸುಮಾರು 20,000. ಹೀಗಿದ್ದೂ ದೇಹವು ಕೋಟಿಗಟ್ಟಲೆ ಬಗೆಯ ಪ್ರತಿಕಾಯಗಳನ್ನು ತಯಾರಿಸುವುದು ವಂಶವಾಹಿಯ ತುಣುಕುಗಳನ್ನು ಬಗೆಬಗೆಯಾಗಿ ಜೋಡಿಸುವುದರಿಂದ ಎಂಬುದನ್ನು ಸುಸುಮು ಟೊನೆಗಾವಾ ತೋರಿಸಿಕೊಟ್ಟು 1987ರ ನೊಬೆಲ್ ಪ್ರಶಸ್ತಿಗೆ ಪಾತ್ರರಾದರು. ಆದರೆ ಪ್ರಕೃತಿಯಲ್ಲಿ ಎದುರಾಗಬಹುದಾದ ಅಣುಗಳಿಗೆ ಮಿತಿಯೇ ಇಲ್ಲ. ಪ್ರತಿಯೊಂದು ಪ್ರತಿಕಾಯವೂ ಒಂದೇ ಒಂದು ಅಣುವನ್ನು ಮಾತ್ರ ಗುರುತಿಸುವಂತಿದ್ದರೆ, ಹಿಂದೆಂದೂ ಕಾಣದ ರೋಗಾಣು ಬಂದಾಗ ಅದನ್ನು ಹಿಡಿಯುವ ಪ್ರತಿಕಾಯ ದೇಹದಲ್ಲಿ ಇಲ್ಲದೇ ಹೋಗುವ ಸಂಭವವೇ ಹೆಚ್ಚು. ಆದುದರಿಂದ ಅಡ್ಡ ಪ್ರತಿಕ್ರಿಯೆಯನ್ನು ಕೇವಲ ದೋಷವೆಂದು ಭಾವಿಸುವುದು ಸರಿಯಲ್ಲ. ರೋಗನಿರೋಧಕ ವ್ಯವಸ್ಥೆಯು ಅದನ್ನೇ ಬಂಡವಾಳವಾಗಿ ಬಳಸಿಕೊಳ್ಳುತ್ತದೆ.

ಅಂಟಿಕೊಳ್ಳುವ ಬಗೆ

ಪ್ರತಿಕಾಯವು ಇಡೀ ವೈರಾಣುವನ್ನಾಗಲಿ, ಇಡೀ ಪ್ರೋಟೀನನ್ನಾಗಲಿ ಗುರುತಿಸುವುದಿಲ್ಲ. ಅದರ ಮೇಲ್ಮೈಯ ಒಂದು ಚಿಕ್ಕ ಭಾಗ, ಸಾಮಾನ್ಯವಾಗಿ 15ರಿಂದ 20 ಅಮೈನೋ ಆಮ್ಲಗಳಷ್ಟು, ಅದರ ಸಂಪರ್ಕಕ್ಕೆ ಬರುತ್ತದೆ. ಇವುಗಳ ಪೈಕಿಯೂ ಹಿಡಿತದ ಬಹುಪಾಲು ಬಲ ಬರುವುದು ಕೆಲವೇ ಅಮೈನೋ ಆಮ್ಲಗಳಿಂದ. ಈ ಹಿಡಿತವು ಜಲಜನಕದ ಬಂಧ, ವಿದ್ಯುತ್ ಆಕರ್ಷಣೆ, ನೀರಿನಿಂದ ದೂರ ಸರಿಯುವ ಭಾಗಗಳ ಒಗ್ಗೂಡುವಿಕೆ ಮೊದಲಾದ ಚಿಕ್ಕಪುಟ್ಟ ಬಲಗಳ ಮೊತ್ತವೇ ಹೊರತು ಬೆಸುಗೆ ಹಾಕಿದಂತಹ ಕಾಯಂ ಬಂಧವಲ್ಲ. ಹೀಗಾಗಿ ಹೊಂದಿಕೆಯು ಇದೆ ಅಥವಾ ಇಲ್ಲ ಎಂಬ ಎರಡೇ ಸ್ಥಿತಿಗಳಿಲ್ಲದೆ, ಬಿಗಿಯಿಂದ ಸಡಿಲದವರೆಗೆ ಹಲವು ಮಟ್ಟಗಳಲ್ಲಿರುತ್ತದೆ.

ರಕ್ತದ ಗುಂಪುಗಳನ್ನು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ಇದನ್ನು ಅಚ್ಚುಕಟ್ಟಾದ ಪ್ರಯೋಗಗಳಿಂದ ನಿರೂಪಿಸಿದರು. ಚಿಕ್ಕ ರಾಸಾಯನಿಕ ಅಣುಗಳನ್ನು ಪ್ರೋಟೀನಿಗೆ ಜೋಡಿಸಿ ಮೊಲಗಳಿಗೆ ಚುಚ್ಚಿದಾಗ ಆ ಅಣುಗಳಿಗೆ ಪ್ರತಿಕಾಯಗಳು ಉಂಟಾದವು. ಅಣುವಿನಲ್ಲಿ ಒಂದು ಗುಂಪಿನ ಜಾಗವನ್ನು ಸ್ವಲ್ಪ ಬದಲಿಸಿದರೂ ಪ್ರತಿಕಾಯಗಳು ಆ ವ್ಯತ್ಯಾಸವನ್ನು ಗುರುತಿಸಿದವು. ಆದರೆ ಬದಲಾದ ಅಣುವಿಗೂ ಅವು ದುರ್ಬಲವಾಗಿ ಅಂಟಿಕೊಳ್ಳುತ್ತಿದ್ದವು.

ಒಂದೇ ಪ್ರತಿಕಾಯ ಹಲವು ಅಣುಗಳನ್ನು ಹಿಡಿಯಲು ಮುಖ್ಯ ಕಾರಣ, ಆ ಅಣುಗಳಲ್ಲಿ ಒಂದೇ ಬಗೆಯ ತುಣುಕು ಇರುವುದು. ಒಂದೇ ಕುಟುಂಬದ ವೈರಾಣುಗಳಲ್ಲಿ ಇದು ಸಾಮಾನ್ಯ. ಇನ್ನು ಕೆಲವೆಡೆ ಅಮೈನೋ ಆಮ್ಲಗಳ ಅನುಕ್ರಮ ಬೇರೆಯಾಗಿದ್ದರೂ ಮೇಲ್ಮೈಯ ಉಬ್ಬುತಗ್ಗು ಮತ್ತು ವಿದ್ಯುದಂಶದ ಹಂಚಿಕೆ ಒಂದನ್ನೊಂದು ಹೋಲುತ್ತವೆ. ಇವೆರಡಕ್ಕಿಂತ ಕುತೂಹಲಕರವಾದುದು ಪ್ರತಿಕಾಯದ ಕುಣಿಕೆಗಳೇ ಆಕಾರ ಬದಲಿಸುವ ಪ್ರಸಂಗ. 2003ರಲ್ಲಿ ಲಿಯೋ ಜೇಮ್ಸ್, ಡಾನ್ ತಾವ್ಫಿಕ್ ಮತ್ತು ಸಹೋದ್ಯೋಗಿಗಳು ಎಸ್‌ಪಿಇ7 ಎಂಬ ಪ್ರತಿಕಾಯವನ್ನು ಪರಿಶೀಲಿಸಿದರು. ಯಾವ ಪ್ರತಿಜನಕವೂ ಎದುರಿಗಿಲ್ಲದಿರುವಾಗಲೇ ಅದು ಒಂದಕ್ಕಿಂತ ಹೆಚ್ಚು ಆಕಾರಗಳಲ್ಲಿ ಇರುತ್ತದೆಂದೂ, ಒಂದು ಆಕಾರದಲ್ಲಿ ಡೈನೈಟ್ರೋಫಿನೈಲ್ ಎಂಬ ಚಿಕ್ಕ ರಾಸಾಯನಿಕವನ್ನು, ಇನ್ನೊಂದು ಆಕಾರದಲ್ಲಿ ಅದಕ್ಕೆ ಸಂಬಂಧವೇ ಇಲ್ಲದ ದೊಡ್ಡ ಪ್ರೋಟೀನನ್ನು ಹಿಡಿಯುತ್ತದೆಂದೂ ಸ್ಫಟಿಕ ಚಿತ್ರಣಗಳಿಂದ ತಿಳಿದುಬಂತು. ಬೀಗ ಮತ್ತು ಕೀಲಿಕೈಯ ಹೋಲಿಕೆ ಇಲ್ಲಿ ಕೈಕೊಡುತ್ತದೆ. ಬೇರೆ ಬೇರೆ ವಸ್ತುಗಳನ್ನು ಹಿಡಿಯಲು ಬೇರೆ ಬೇರೆಯಾಗಿ ಮಡಿಚಿಕೊಳ್ಳುವ ಅಂಗೈ ಹೆಚ್ಚು ಸೂಕ್ತವಾದ ಹೋಲಿಕೆಯಾದೀತು.

ಸೋಂಕು ಮುಂದುವರಿದಂತೆ ಬಿ ಜೀವಕೋಶಗಳು ತಮ್ಮ ಪ್ರತಿಕಾಯಗಳನ್ನು ತಿದ್ದಿಕೊಳ್ಳುತ್ತವೆ. ಬಿಗಿಯಾಗಿ ಹಿಡಿಯುವವು ಉಳಿದು ಹೆಚ್ಚಾಗುತ್ತವೆ. ಆರಂಭದ ಪ್ರತಿಕಾಯಗಳಲ್ಲಿ ಬಳುಕುವ ಗುಣ ಹೆಚ್ಚಾಗಿದ್ದು, ಪಕ್ವವಾದವು ಗಡುಸಾಗಿರುವುದು ಹಲವು ಉದಾಹರಣೆಗಳಲ್ಲಿ ಕಂಡುಬಂದಿದೆ. ಮಾನವನ ಅಸ್ಥಿಮಜ್ಜೆಯಲ್ಲಿ ಆಗಷ್ಟೇ ಹುಟ್ಟಿದ ಬಿ ಜೀವಕೋಶಗಳ ಪೈಕಿ ಶೇಕಡಾ 55ರಿಂದ 75ರಷ್ಟು ದೇಹದ ಸ್ವಂತ ಅಣುಗಳಿಗೇ ಅಂಟುವ ಪ್ರತಿಕಾಯಗಳನ್ನು ಹೊಂದಿರುತ್ತವೆಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಇವುಗಳಲ್ಲಿ ಬಹಳಷ್ಟನ್ನು ದೇಹವು ಮುಂದಿನ ಹಂತಗಳಲ್ಲಿ ನಿವಾರಿಸುತ್ತದೆ.

ಮಂಗನ ಕಾಯಿಲೆಯ ಗುರುತಿಸುವಿಕೆಯಲ್ಲಿ ಅಡ್ಡ ಪ್ರತಿಕ್ರಿಯೆ

ಅಡ್ಡ ಪ್ರತಿಕ್ರಿಯೆಯ ಉಪಯೋಗ ಹಾಗೂ ಮಿತಿ ಎರಡಕ್ಕೂ ಕರ್ನಾಟಕದಲ್ಲಿಯೇ ಉದಾಹರಣೆಯಿದೆ. ಜೋರ್ಡಿ ಕಸಾಲ್ಸ್ ಮತ್ತು ಲೆನೋರಾ ಬ್ರೌನ್ 1954ರಲ್ಲಿ ಕೀಟಗಳಿಂದ ಹರಡುವ ವೈರಾಣುಗಳನ್ನು, ಒಂದಕ್ಕೆ ಉಂಟಾದ ಪ್ರತಿಕಾಯ ಇನ್ನೊಂದಕ್ಕೆ ಅಂಟುತ್ತದೆಯೇ ಎಂಬ ಆಧಾರದ ಮೇಲೆ ಗುಂಪುಗಳಾಗಿ ವಿಂಗಡಿಸಿದ್ದರು. ಅವರ ಬಿ ಗುಂಪನ್ನು ಈಗ ಫ್ಲೇವಿವೈರಾಣುಗಳೆಂದು ಕರೆಯಲಾಗುತ್ತದೆ. 1957ರಲ್ಲಿ ಅಂದಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಸುತ್ತಮುತ್ತ ಮಂಗಗಳು ಸಾಯತೊಡಗಿ, ಜನರಲ್ಲಿಯೂ ತೀವ್ರ ಜ್ವರ ಕಾಣಿಸಿಕೊಂಡಿತು. ಮಂಗಗಳ ಸಾವಿನಿಂದಾಗಿ ಹಳದಿ ಜ್ವರದ ಶಂಕೆಯೂ ಮೂಡಿತ್ತು. ಪುಣೆಯ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ವೈರಾಣುವನ್ನು ಬೇರ್ಪಡಿಸಿ ಸೀರಮ್ ಪರೀಕ್ಷೆಗಳಿಗೆ ಒಳಪಡಿಸಿದಾಗ, ಅದು ದೂರದ ರಷ್ಯಾದಲ್ಲಿ ಉಣುಗುಗಳಿಂದ ಹರಡುವ ಮಿದುಳುಜ್ವರದ ವೈರಾಣುಗಳ ಬಳಗಕ್ಕೆ ಸೇರಿದ್ದೆಂದು ತಿಳಿಯಿತು. ಹೊಸ ವೈರಾಣುವಿನ ನೆಂಟಸ್ತಿಕೆಯನ್ನು ತೋರಿಸಿಕೊಟ್ಟದ್ದು ಅಡ್ಡ ಪ್ರತಿಕ್ರಿಯೆಯೇ.

ಹಾಗಿದ್ದಲ್ಲಿ ರಷ್ಯಾದ ವೈರಾಣುವಿನಿಂದ ತಯಾರಿಸಿದ ಲಸಿಕೆಯೇ ಇಲ್ಲಿಯೂ ರಕ್ಷಣೆ ನೀಡಬಹುದೆಂಬ ನಿರೀಕ್ಷೆ ಸಹಜವಾಗಿತ್ತು. ಆ ಲಸಿಕೆಯನ್ನು ರೋಗಪೀಡಿತ ಪ್ರದೇಶದಲ್ಲಿ ಪ್ರಯೋಗಿಸಲಾಯಿತಾದರೂ ನಿರೀಕ್ಷಿಸಿದ ರಕ್ಷಣೆ ದೊರೆಯಲಿಲ್ಲ. ಪ್ರತಿಕಾಯವು ವೈರಾಣುವಿಗೆ ಅಂಟಿಕೊಳ್ಳುವುದು ಬೇರೆ, ಅದನ್ನು ನಿಷ್ಕ್ರಿಯಗೊಳಿಸುವುದು ಬೇರೆ. ವೈರಾಣು ಜೀವಕೋಶದೊಳಗೆ ನುಗ್ಗಲು ಬಳಸುವ ಭಾಗವನ್ನು, ಸಾಕಷ್ಟು ಬಿಗಿಯಾಗಿ, ಸಾಕಷ್ಟು ಸಂಖ್ಯೆಯಲ್ಲಿ ಮುಚ್ಚಿದಾಗ ಮಾತ್ರ ಸೋಂಕು ತಡೆಯಲ್ಪಡುತ್ತದೆ. ಇದಕ್ಕೆ ವಿರುದ್ಧವಾದ ಉದಾಹರಣೆಯೆಂದರೆ ಸಿಡುಬು. 1796ರಲ್ಲಿ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನಿಂದ ಮನುಷ್ಯರ ಸಿಡುಬನ್ನು ತಡೆದದ್ದು, ಎರಡೂ ವೈರಾಣುಗಳ ಮೇಲ್ಮೈ ಬಹಳಷ್ಟು ಹೋಲುತ್ತಿದ್ದುದರಿಂದ ಸಾಧ್ಯವಾಯಿತು.

ಡೆಂಗೀ: ಅಂಟಿಕೊಂಡೂ ತಡೆಯದ ಪ್ರತಿಕಾಯ

ಅಂಟಿಕೊಳ್ಳುವುದಕ್ಕೂ ತಡೆಯುವುದಕ್ಕೂ ಇರುವ ಈ ಅಂತರವು ಅತ್ಯಂತ ಅಪಾಯಕಾರಿಯಾಗುವುದು ಡೆಂಗೀ ಜ್ವರದಲ್ಲಿ. ಡೆಂಗೀ ವೈರಾಣುವಿನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆಯ ಸೋಂಕು ತಗುಲಿ ಗುಣವಾದವರಿಗೆ ಆ ಬಗೆಯಿಂದ ದೀರ್ಘಕಾಲದ ರಕ್ಷಣೆ ದೊರೆಯುತ್ತದೆ. ಉಳಿದ ಮೂರು ಬಗೆಗಳಿಂದಲೂ ಕೆಲವು ತಿಂಗಳ ಕಾಲ ರಕ್ಷಣೆ ಇರುತ್ತದೆ. ಅನಂತರ ಪ್ರತಿಕಾಯಗಳ ಪ್ರಮಾಣ ಇಳಿಯುತ್ತಾ ಬಂದಂತೆ ಪರಿಸ್ಥಿತಿ ಬದಲಾಗುತ್ತದೆ.

ವೈರಾಣುವಿನ ಹೊರಕವಚದಲ್ಲಿ ಜೀವಕೋಶದ ಪೊರೆಯೊಂದಿಗೆ ಬೆರೆಯಲು ನೆರವಾಗುವ ಒಂದು ಕುಣಿಕೆಯಿದೆ. ನಾಲ್ಕು ಬಗೆಗಳಲ್ಲಿ ಮಾತ್ರವಲ್ಲದೆ ಇಡೀ ಫ್ಲೇವಿವೈರಾಣು ಬಳಗದಲ್ಲಿಯೇ ಈ ಕುಣಿಕೆ ಬಹುತೇಕ ಒಂದೇ ರೀತಿ ಇರುತ್ತದೆ. ಇದಕ್ಕೆ ಉಂಟಾಗುವ ಪ್ರತಿಕಾಯಗಳು ನಾಲ್ಕೂ ಬಗೆಗಳಿಗೆ ಅಂಟಿಕೊಳ್ಳುತ್ತವೆ. ಆದರೆ ಪಕ್ವವಾದ ವೈರಾಣುವಿನಲ್ಲಿ ಈ ಭಾಗ ಮಡಿಕೆಯೊಳಗೆ ಅಡಗಿರುವುದರಿಂದ ಅವುಗಳ ತಡೆಯುವ ಶಕ್ತಿ ಕಡಿಮೆ. ಎರಡನೆಯ ಬಾರಿ ಬೇರೆ ಬಗೆಯ ಡೆಂಗೀ ತಗುಲಿದಾಗ ಹಳೆಯ ಪ್ರತಿಕಾಯಗಳು ಹೊಸ ವೈರಾಣುವಿಗೆ ಅರೆಬರೆಯಾಗಿ ಅಂಟಿಕೊಳ್ಳುತ್ತವೆ. ಪ್ರತಿಕಾಯದ ಬುಡವನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳು ರೋಗಾಣುಗಳನ್ನು ನುಂಗುವ ಬಿಳಿ ರಕ್ತಕಣಗಳ ಮೇಲಿವೆ. ಡೆಂಗೀ ವೈರಾಣು ವೃದ್ಧಿಯಾಗುವುದು ಇದೇ ಕಣಗಳಲ್ಲಿ. ಹೀಗೆ ಶತ್ರುವನ್ನು ಹಿಡಿಯಲು ಹೋದ ಪ್ರತಿಕಾಯವೇ ಅದಕ್ಕೆ ಬಾಗಿಲು ತೆರೆದುಕೊಟ್ಟಂತಾಗುತ್ತದೆ.

ಈ ವಿವರಣೆಯನ್ನು ಮುಂದಿಟ್ಟವರಲ್ಲಿ ಪ್ರಮುಖರು ಥಾಯ್ಲೆಂಡಿನಲ್ಲಿ ಅಧ್ಯಯನ ನಡೆಸಿದ ಸ್ಕಾಟ್ ಹಾಲ್‌ಸ್ಟೆಡ್. ಕ್ಯೂಬಾ ದೇಶದ ಅನುಭವವು ಇದಕ್ಕೆ ಬಲವಾದ ಆಧಾರ ಒದಗಿಸಿತು. ಅಲ್ಲಿ 1977ರಲ್ಲಿ ಒಂದನೆಯ ಬಗೆಯ ಡೆಂಗೀ ಸೌಮ್ಯವಾಗಿ ಹರಡಿತ್ತು. 1981ರಲ್ಲಿ ಎರಡನೆಯ ಬಗೆ ಹರಡಿದಾಗ 158 ಜನ ಸಾವನ್ನಪ್ಪಿದರು. ಅವರಲ್ಲಿ 101 ಮಕ್ಕಳು. 1977ರ ಅಲೆಯ ನಂತರ ಹುಟ್ಟಿ ಒಂದೆರಡು ವರ್ಷ ತುಂಬಿದ್ದ ಮಕ್ಕಳಲ್ಲಿ ರೋಗದ ತೀವ್ರ ಸ್ವರೂಪ ಬಹುತೇಕ ಕಂಡುಬರಲಿಲ್ಲ, ಏಕೆಂದರೆ ಅವರಲ್ಲಿ ಹಳೆಯ ಪ್ರತಿಕಾಯಗಳಿರಲಿಲ್ಲ. 1997ರಲ್ಲಿ ಸ್ಯಾಂಟಿಯಾಗೊ ಡಿ ಕ್ಯೂಬಾ ನಗರದಲ್ಲಿ ಎರಡನೆಯ ಬಗೆ ಮರಳಿ ಬಂದಾಗ ತೀವ್ರ ರೋಗಕ್ಕೆ ತುತ್ತಾದವರು ಪ್ರಧಾನವಾಗಿ ವಯಸ್ಕರು. ಇಪ್ಪತ್ತು ವರ್ಷ ಕಳೆದರೂ ಅಪಾಯ ಉಳಿದಿತ್ತು. ಡೆಂಗೀ ಬಂದು ಹೋದ ತಾಯಿಯ ಪ್ರತಿಕಾಯಗಳು ಗರ್ಭದಲ್ಲಿಯೇ ಶಿಶುವಿಗೆ ದಾಟುವುದರಿಂದ, ಅವು ಕ್ಷೀಣಿಸುವ ಸುಮಾರು ಆರು ತಿಂಗಳ ನಂತರದ ಅವಧಿಯಲ್ಲಿ ಕೆಲವು ಶಿಶುಗಳಿಗೆ ಮೊದಲ ಸೋಂಕೇ ತೀವ್ರವಾಗುವುದುಂಟು.

ಪ್ರತಿಕಾಯಗಳ ಪ್ರಮಾಣ ಹೆಚ್ಚಿದ್ದರೆ ರಕ್ಷಣೆ, ತೀರಾ ಕಡಿಮೆಯಿದ್ದರೆ ಪರಿಣಾಮವಿಲ್ಲ, ನಡುವಿನ ಮಟ್ಟದಲ್ಲಿ ಅಪಾಯ ಎಂಬುದು ನಿಕರಾಗುವಾ ದೇಶದ ಮಕ್ಕಳ ದೀರ್ಘಕಾಲದ ಅಧ್ಯಯನದಿಂದ 2017ರಲ್ಲಿ ದೃಢಪಟ್ಟಿತು. ಅದೇ ವರ್ಷ ನವೆಂಬರಿನಲ್ಲಿ ಡೆಂಗ್ವಾಕ್ಸಿಯಾ ಎಂಬ ಲಸಿಕೆಯ ವಿಷಯದಲ್ಲಿ ಇದರ ಪರಿಣಾಮ ಬಹಿರಂಗವಾಯಿತು. ಹಿಂದೆ ಎಂದೂ ಡೆಂಗೀ ಬಾರದ ಮಕ್ಕಳಿಗೆ ಈ ಲಸಿಕೆಯೇ ಮೊದಲ ಸೋಂಕಿನಂತೆ ವರ್ತಿಸಿ, ಅನಂತರದ ನಿಜವಾದ ಸೋಂಕು ತೀವ್ರವಾಗುವ ಸಾಧ್ಯತೆಯನ್ನು ಹೆಚ್ಚಿಸುತ್ತದೆಂದು ತಯಾರಕರು ಪ್ರಕಟಿಸಿದರು. ಫಿಲಿಪ್ಪೀನ್ಸ್ ದೇಶವು 2016ರ ಏಪ್ರಿಲ್‌ನಿಂದ 8 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ನೀಡಿದ್ದ ಈ ಲಸಿಕೆಯನ್ನು ನಿಲ್ಲಿಸಿತು. ಲಸಿಕೆಗೆ ಮುನ್ನ ಹಳೆಯ ಸೋಂಕನ್ನು ರಕ್ತಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುವುದು ಮೇಲೆಂದು ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ತಿಳಿಸಿತು. ಆದಾಗ್ಯೂ ಎರಡನೆಯ ಡೆಂಗೀ ಸೋಂಕುಗಳಲ್ಲಿ ಬಹುಪಾಲು ತೀವ್ರವಾಗದೆಯೇ ಗುಣವಾಗುತ್ತವೆ ಎಂಬುದನ್ನು ಸಾರ್ವಜನಿಕರು ಗಮನಿಸಬೇಕು. ಹಿಂದೆ ಡೆಂಗೀ ಬಂದಿದ್ದವರು ಮತ್ತೆ ಜ್ವರ ಬಂದಾಗ ಆ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸುವುದು ಅಗತ್ಯ.

ಸ್ವಂತ ದೇಹಕ್ಕೇ ಅಂಟಿಕೊಳ್ಳುವ ಪ್ರತಿಕಾಯಗಳು

ಮಕ್ಕಳಲ್ಲಿ, ವಿಶೇಷವಾಗಿ 5ರಿಂದ 15 ವರ್ಷದವರಲ್ಲಿ, ಎ ಗುಂಪಿನ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬರುತ್ತದೆ. ಚಿಕಿತ್ಸೆಯಿಲ್ಲದೆಯೂ ನೋವು ಕೆಲವು ದಿನಗಳಲ್ಲಿ ಶಮನವಾಗುವುದರಿಂದ ಅದನ್ನು ಕಡೆಗಣಿಸುವವರೇ ಹೆಚ್ಚು. ಎರಡು ಮೂರು ವಾರಗಳ ನಂತರ ಇಂತಹ ಕೆಲವು ಮಕ್ಕಳಲ್ಲಿ ಕೀಲುಗಳು ಒಂದಾದ ಮೇಲೊಂದು ಊದಿಕೊಂಡು ಜ್ವರ ಬರುತ್ತದೆ. ಇದೇ ರುಮ್ಯಾಟಿಕ್ ಜ್ವರ. ಬ್ಯಾಕ್ಟೀರಿಯಾದ ಮೇಲಿರುವ ಎಂ ಪ್ರೋಟೀನ್ ಹಾಗೂ ಒಂದು ಸಕ್ಕರೆ ಅಣು, ಹೃದಯದ ಸ್ನಾಯುವಿನಲ್ಲಿರುವ ಮಯೋಸಿನ್ ಎಂಬ ಪ್ರೋಟೀನನ್ನು ಹೋಲುತ್ತವೆ. ಬ್ಯಾಕ್ಟೀರಿಯಾಕ್ಕೆ ಉಂಟಾದ ಪ್ರತಿಕಾಯಗಳು ಹೃದಯದ ಅಂಗಾಂಶಕ್ಕೂ ಅಂಟುತ್ತವೆಂಬುದನ್ನು 1960ರ ದಶಕದಲ್ಲಿ ಮೆಲ್ವಿನ್ ಕಪ್ಲಾನ್ ತೋರಿಸಿದರು. ಹಾನಿಯಲ್ಲಿ ಟಿ ಜೀವಕೋಶಗಳ ಪಾತ್ರವೂ ಇದೆ. ಕೀಲು ನೋವು ವಾಸಿಯಾಗುತ್ತದೆ. ಹೃದಯದ ಕವಾಟಕ್ಕೆ ಆದ ಹಾನಿ ಉಳಿದುಬಿಡಬಹುದು. ಪ್ರತಿ ಹೊಸ ಗಂಟಲು ಸೋಂಕು ಹಳೆಯ ಪ್ರತಿಕಾಯಗಳನ್ನು ಮತ್ತೆ ಕೆರಳಿಸುವುದರಿಂದಲೇ ಒಮ್ಮೆ ಈ ಜ್ವರ ಬಂದ ಮಕ್ಕಳಿಗೆ ಮೂರು ಅಥವಾ ನಾಲ್ಕು ವಾರಗಳಿಗೊಮ್ಮೆ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದನ್ನು ಹಲವು ವರ್ಷ ನೀಡಲಾಗುತ್ತದೆ. ಮಗು ಆರೋಗ್ಯವಾಗಿ ಕಾಣುತ್ತಿದೆಯೆಂದು ಪೋಷಕರು ಇದನ್ನು ತಾವಾಗಿ ನಿಲ್ಲಿಸಬಾರದು.

ರಕ್ತದ ಗುಂಪುಗಳ ಪ್ರತಿಕಾಯಗಳೂ ಅಡ್ಡ ಪ್ರತಿಕ್ರಿಯೆಯಿಂದಲೇ ಉಂಟಾಗುತ್ತವೆ. ಎ ಗುಂಪಿನವರು ಬಿ ಗುಂಪಿನ ರಕ್ತವನ್ನು ಎಂದೂ ಪಡೆಯದಿದ್ದರೂ ಅವರಲ್ಲಿ ಬಿ ಕಣಗಳ ವಿರುದ್ಧ ಪ್ರತಿಕಾಯಗಳಿರುತ್ತವೆ. ಕರುಳಿನ ಬ್ಯಾಕ್ಟೀರಿಯಾಗಳ ಮೇಲಿರುವ, ಅಂತಹುದೇ ಸಕ್ಕರೆ ಅಣುಗಳಿಗೆ ಶೈಶವದಲ್ಲಿಯೇ ಅವು ಹುಟ್ಟಿಕೊಂಡಿರುತ್ತವೆ. ರೋಗಾಣುರಹಿತ ವಾತಾವರಣದಲ್ಲಿ ಬೆಳೆಸಿದ ಕೋಳಿಮರಿಗಳಲ್ಲಿ ಇಂತಹ ಪ್ರತಿಕಾಯಗಳು ಉಂಟಾಗಲಿಲ್ಲವೆಂದು 1959ರ ಪ್ರಯೋಗವೊಂದು ತೋರಿಸಿತು. ಅಲರ್ಜಿಯಲ್ಲಿಯೂ ಇದೇ ಬಗೆ: ಮನೆಯ ಧೂಳಿನ ನುಸಿಯ ಅಲರ್ಜಿಯಿರುವ ಕೆಲವರಿಗೆ ಸೀಗಡಿ ಒಗ್ಗದಿರಲು ಎರಡರಲ್ಲಿಯೂ ಇರುವ ಟ್ರೋಪೊಮಯೋಸಿನ್ ಎಂಬ ಪ್ರೋಟೀನ್ ಕಾರಣ.

ಹಾವಿನ ವಿಷದ ಪ್ರತಿವಿಷ

ಭಾರತದಲ್ಲಿ ಬಳಕೆಯಲ್ಲಿರುವ ಪ್ರತಿವಿಷವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲಗಳ ವಿಷವನ್ನು ಕುದುರೆಗಳಿಗೆ ಅಲ್ಪ ಪ್ರಮಾಣದಲ್ಲಿ ನೀಡಿ ತಯಾರಿಸಲಾಗುತ್ತದೆ. ಇದನ್ನು ಅಡ್ಡ ಪ್ರತಿಕ್ರಿಯೆ ಎಂದು ತಪ್ಪಾಗಿ ತಿಳಿಯುವುದುಂಟು. ವಾಸ್ತವವಾಗಿ ಇದು ನಾಲ್ಕು ವಿಷಗಳಿಗೆ ಉಂಟಾದ ಅಸಂಖ್ಯ ಪ್ರತಿಕಾಯಗಳ ಮಿಶ್ರಣ. ಅಡ್ಡ ಪ್ರತಿಕ್ರಿಯೆಯ ಪ್ರಶ್ನೆ ಏಳುವುದು ಐದನೆಯ ಹಾವು ಕಚ್ಚಿದಾಗ. ಪಶ್ಚಿಮ ಘಟ್ಟಗಳ ಕಾಡು ತೋಟಗಳಲ್ಲಿ ಕಾಣುವ, ಮೂತಿಯ ತುದಿ ಮೇಲೆದ್ದಿರುವ ಚಿಕ್ಕ ಕುಳಿಮಂಡಲ ಹಾವಿನ ವಿಷವನ್ನು ಈ ಪ್ರತಿವಿಷ ಪರಿಣಾಮಕಾರಿಯಾಗಿ ತಡೆಯುವುದಿಲ್ಲ. ಅದರ ಕಡಿತವನ್ನು ಗರಗಸ ಮಂಡಲದ ಕಡಿತವೆಂದು ಭಾವಿಸಿದಲ್ಲಿ ಪ್ರತಿವಿಷ ನೀಡಿಯೂ ಪ್ರಯೋಜನವಾಗದು.

ಎರಡು ಗುರಿಗಳ ಔಷಧಗಳು

ಐಜಿಜಿ4 ಎಂಬ ಉಪವರ್ಗದ ಪ್ರತಿಕಾಯಗಳು ದೇಹದಲ್ಲಿಯೇ ತಮ್ಮ ಅರ್ಧಭಾಗವನ್ನು ಪರಸ್ಪರ ಬದಲಾಯಿಸಿಕೊಂಡು, ಎರಡು ತೋಳುಗಳಿಂದ ಎರಡು ಬೇರೆ ಅಣುಗಳನ್ನು ಹಿಡಿಯುವಂತಾಗುತ್ತವೆಂದು 2007ರಲ್ಲಿ ವರದಿಯಾಯಿತು. ವಿಜ್ಞಾನಿಗಳು ಇಂತಹ ಪ್ರತಿಕಾಯಗಳನ್ನು ಉದ್ದೇಶಪೂರ್ವಕವಾಗಿಯೂ ತಯಾರಿಸುತ್ತಾರೆ. ಅಮೆರಿಕದಲ್ಲಿ 2017ರಲ್ಲಿ ಅನುಮೋದನೆ ಪಡೆದ ಎಮಿಸಿಜುಮ್ಯಾಬ್ ಔಷಧವು ರಕ್ತ ಹೆಪ್ಪುಗಟ್ಟಿಸುವ ಎರಡು ಅಂಶಗಳನ್ನು ಒಂದೊಂದು ತೋಳಿನಿಂದ ಹಿಡಿದು ಹತ್ತಿರ ತರುತ್ತದೆ. ಹಿಮೋಫಿಲಿಯಾ ಎ ರೋಗಿಗಳಲ್ಲಿ ಕೊರತೆಯಾದ ಎಂಟನೆಯ ಅಂಶದ ಕೆಲಸವನ್ನು ಅದು ಹೀಗೆ ನಿರ್ವಹಿಸುತ್ತದೆ.

ರಕ್ತಪರೀಕ್ಷೆಯ ವರದಿ ಮತ್ತು ಸಾರ್ವಜನಿಕರು

ಪ್ರತಿಕಾಯಗಳನ್ನು ಅಳೆಯುವ ಯಾವುದೇ ಪರೀಕ್ಷೆಯಲ್ಲಿ ಅಡ್ಡ ಪ್ರತಿಕ್ರಿಯೆಯ ಸಾಧ್ಯತೆ ಇರುತ್ತದೆ. 1896ರಿಂದ ಬಳಕೆಯಲ್ಲಿರುವ ವಿಡಾಲ್ ಪರೀಕ್ಷೆಯು ವಿಷಮಶೀತ ಜ್ವರದ ಬ್ಯಾಕ್ಟೀರಿಯಾಕ್ಕೆ ಉಂಟಾದ ಪ್ರತಿಕಾಯಗಳನ್ನು ತೋರಿಸುತ್ತದಾದರೂ, ಅದೇ ಪ್ರತಿಜನಕವನ್ನು ಹೊಂದಿರುವ ಇತರ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಗಳ ಸೋಂಕಿನಲ್ಲಿ, ಮಲೇರಿಯಾ ಮುಂತಾದ ಜ್ವರಗಳಲ್ಲಿ ಹಾಗೂ ಹಳೆಯ ಸೋಂಕಿನ ಉಳಿಕೆಯಿಂದಲೂ ಧನಾತ್ಮಕ ಫಲಿತಾಂಶ ಬರಬಹುದು. ಒಂದೇ ಬಾರಿಯ ವಿಡಾಲ್ ವರದಿಯನ್ನು ಮಾತ್ರ ನಂಬಿ ಪ್ರತಿಜೀವಕ ಔಷಧಗಳನ್ನು ಸೇವಿಸುವುದು ಸೂಕ್ತವಲ್ಲ. ರಕ್ತದ ಕಲ್ಚರ್ ಪರೀಕ್ಷೆಯು ಹೆಚ್ಚು ಖಚಿತ. ಲೈಂಗಿಕ ರೋಗ ಸಿಫಿಲಿಸ್‌ಗೆ ಮಾಡುವ ವಿಡಿಆರ್‌ಎಲ್ ಪರೀಕ್ಷೆಯಲ್ಲಿ ದನದ ಹೃದಯದಿಂದ ತೆಗೆದ ಕೊಬ್ಬಿನಂಶದ ಅಣುವನ್ನು ಪ್ರತಿಜನಕವಾಗಿ ಬಳಸಲಾಗುತ್ತಿದ್ದು, ಕುಷ್ಠ, ಮಲೇರಿಯಾ ಮತ್ತು ಲೂಪಸ್ ರೋಗಿಗಳಲ್ಲಿಯೂ ಅದು ಧನಾತ್ಮಕವಾಗುವುದುಂಟು. ಮತ್ತೊಂದು ನಿರ್ದಿಷ್ಟ ಪರೀಕ್ಷೆಯಿಂದ ದೃಢಪಡುವವರೆಗೆ ಇಂತಹ ವರದಿಯ ಆಧಾರದಲ್ಲಿ ಯಾರನ್ನೂ ರೋಗಿಯೆಂದು ಪರಿಗಣಿಸತಕ್ಕದ್ದಲ್ಲ.

ಡೆಂಗೀ ಐಜಿಜಿ ಪ್ರತಿಕಾಯವೊಂದೇ ಧನಾತ್ಮಕವಾಗಿದ್ದರೆ ಅದು ಈಗಿನ ಜ್ವರ ಡೆಂಗೀ ಎಂಬುದಕ್ಕೆ ಸಾಕ್ಷ್ಯವಲ್ಲ. ಹಿಂದಿನ ಡೆಂಗೀ, ಜಪಾನೀಸ್ ಮಿದುಳುಜ್ವರದ ಸೋಂಕು ಅಥವಾ ಲಸಿಕೆಯಿಂದಲೂ ಅಂತಹ ಫಲಿತಾಂಶ ಬರಬಹುದು. ಜ್ವರದ ಮೊದಲ ಐದು ದಿನಗಳಲ್ಲಿ ವೈರಾಣುವಿನ ಎನ್ಎಸ್1 ಪ್ರತಿಜನಕವನ್ನೇ ಹುಡುಕುವ ಎಲೈಸಾ, ಅನಂತರ ಐಜಿಎಂ ಎಲೈಸಾ ಪರೀಕ್ಷೆಗಳನ್ನು ರಾಷ್ಟ್ರೀಯ ಕಾರ್ಯಕ್ರಮದಡಿ ಶಿಫಾರಸು ಮಾಡಲಾಗಿದೆ. ಮಲೆನಾಡಿನಲ್ಲಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ಜ್ವರ ಬಂದವರು ಕಾಡಿಗೆ ಹೋಗಿದ್ದರೆ, ಉಣುಗು ಕಚ್ಚಿದ್ದರೆ ಅಥವಾ ಸಮೀಪದಲ್ಲಿ ಮಂಗ ಸತ್ತಿದ್ದರೆ ಅದನ್ನು ತಪ್ಪದೆ ತಿಳಿಸಬೇಕು. ಮಂಗನ ಕಾಯಿಲೆಯಲ್ಲಿಯೂ ಪ್ಲೇಟ್‌ಲೆಟ್ ಸಂಖ್ಯೆ ಇಳಿಯುವುದರಿಂದ ಲಕ್ಷಣಗಳಿಂದ ಮಾತ್ರ ಎರಡನ್ನೂ ಬೇರ್ಪಡಿಸುವುದು ಕಷ್ಟ. ವೈರಾಣುವಿನ ಆನುವಂಶಿಕ ವಸ್ತುವನ್ನು ನೇರವಾಗಿ ಗುರುತಿಸುವ ಆರ್‌ಟಿ-ಪಿಸಿಆರ್ ಪರೀಕ್ಷೆಯಲ್ಲಿ ಪ್ರತಿಕಾಯಗಳ ಅಡ್ಡ ಪ್ರತಿಕ್ರಿಯೆಯ ತೊಡಕಿಲ್ಲ.

ಒಂದು ಪರೀಕ್ಷೆ ಮಾತ್ರ ಅಡ್ಡ ಪ್ರತಿಕ್ರಿಯೆಯನ್ನೇ ನೆಚ್ಚಿಕೊಂಡಿದೆ. ಎಡ್ಮಂಡ್ ವೈಲ್ ಮತ್ತು ಆರ್ಥರ್ ಫೆಲಿಕ್ಸ್ 1916ರಲ್ಲಿ ಪ್ರಕಟಿಸಿದ ವೈಲ್-ಫೆಲಿಕ್ಸ್ ಪರೀಕ್ಷೆಯಲ್ಲಿ ಟೈಫಸ್ ಜ್ವರದ ರೋಗಾಣುವನ್ನು ಬಳಸುವುದೇ ಇಲ್ಲ. ಅದಕ್ಕೆ ಸಂಬಂಧವಿಲ್ಲದ ಪ್ರೋಟಿಯಸ್ ಬ್ಯಾಕ್ಟೀರಿಯಾದ ತಳಿಗಳಿಗೆ ರೋಗಿಯ ಪ್ರತಿಕಾಯಗಳು ಆಕಸ್ಮಿಕ ಹೋಲಿಕೆಯಿಂದ ಅಂಟಿಕೊಳ್ಳುವುದನ್ನು ನೋಡಿ ರೋಗವನ್ನು ಊಹಿಸಲಾಗುತ್ತದೆ. ಪೊದೆಗಳಲ್ಲಿನ ನುಸಿಯ ಮರಿಗಳಿಂದ ಹರಡುವ ಸ್ಕ್ರಬ್ ಟೈಫಸ್‌ನಲ್ಲಿ ಓಎಕ್ಸ್‌ಕೆ ತಳಿಯು ಧನಾತ್ಮಕವಾಗುತ್ತದೆ. ಈ ಪರೀಕ್ಷೆಯ ನಿಖರತೆ ಕಡಿಮೆ. ಆದರೂ ಅಗ್ಗವಾಗಿರುವುದರಿಂದ ಮತ್ತು ಸರಳ ಪ್ರಯೋಗಾಲಯದಲ್ಲಿಯೂ ಮಾಡಬಹುದಾದುದರಿಂದ, ಐಜಿಎಂ ಎಲೈಸಾ ಸೌಲಭ್ಯವಿಲ್ಲದ ಕಡೆಗಳಲ್ಲಿ ಇದನ್ನು ಬಳಸಲಾಗುತ್ತದೆ.